ನಿಧಾನಗತಿಯ ಡೆತ್ ಮೆಟಲ್: ಪುಣೆಯಲ್ಲಿ ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ನಾಲ್ವರ ಬ್ಯಾಂಡ್. ನುಡಿಸುವುದು ಡೆತ್ ಮೆಟಲ್, ಅಂದರೆ ಗುಡುಗುವ ಗಂಟಲಿನ, ಒರಟು ಗಿಟಾರ್‌ನ, ರಾಕ್ ಸಂಗೀತದ ಅತಿ ಗಡುಸಾದ ಕವಲು. ಮೂವರು ಧಾರವಾಡ, ಗದಗ, ವಿಜಯಪುರದ ಕಡೆಯಿಂದ ಕೆಲಸಕ್ಕೆಂದು ಪುಣೆಗೆ ಬಂದು ಇಲ್ಲೇ ಉಳಿದವರು. ಡ್ರಮ್ಸ್ ನುಡಿಸುವವನು ಸಾತಾರಾದ ಮರಾಠಿ ಹುಡುಗ, ನಮ್ಮ ಜೊತೆ ಇದ್ದೂ ಇದ್ದೂ ಈಗ ತಾಳವನ್ನು ಕನ್ನಡದಲ್ಲೇ ಎಣಿಸುತ್ತಾನೆ. ನಮ್ಮನ್ನು ಕೇಳಿದವರು, ಕೇಳುವ ಮೊದಲೇ ಹೆದರಿದವರು, ಊರಿಂದ ಬಂದ ನೆಂಟರು, ಹಿಂಜವಡಿಯ ಆಫೀಸಿನ ಗೆಳೆಯರು, ಎಲ್ಲರ ಪ್ರಶ್ನೆಗಳೂ ಸುಮಾರು ಇವೇ. ಪ್ರತಿ ಸಲ ಅರ್ಧ ಉತ್ತರ ಹೇಳಿ ಬಿಡುವುದಕ್ಕಿಂತ ಪೂರ್ತಿ ಬರೆದಿಡೋಣ ಅನ್ನಿಸಿತು. ಗಿಟಾರ್ ನುಡಿಸುವವನೂ ಹಾಡುವವನೂ ನಾನು.

ಡೆತ್ ಮೆಟಲ್ ಅಂದರೆ ಓಡುವ ಸಂಗೀತ ಅಲ್ಲವೇ? ನಿಮ್ಮದು ಯಾಕೆ ತೆವಳುತ್ತದೆ?

ಹೆಚ್ಚಿನ ಡೆತ್ ಮೆಟಲ್ ಓಡುತ್ತದೆ, ನಿಜ. ನಿಮಿಷಕ್ಕೆ 200 ಪೆಟ್ಟು ಅನ್ನುವುದು ಅಲ್ಲಿ ದೊಡ್ಡ ವಿಷಯವಲ್ಲ. ಆ ಲೆಕ್ಕದಲ್ಲಿ ಒಂದು ಪೆಟ್ಟಿಗೂ ಮುಂದಿನದಕ್ಕೂ ನಡುವೆ 0.3 ಸೆಕೆಂಡು. ನಾವು 60ರ ಆಸುಪಾಸಿನಲ್ಲಿ ನುಡಿಸುತ್ತೇವೆ, ಅಂದರೆ ಪೆಟ್ಟಿಗೊಂದು ಸೆಕೆಂಡು. ಈ ನಿಧಾನ ಬಂದದ್ದು ಡೂಮ್ ಮೆಟಲ್‌ನಿಂದ. ಕೆಳಗಿನ ಸ್ವರ, ಉದ್ದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು), ಭಾರದ ನಡಿಗೆ ಡೂಮ್‌ನವು. ಗಂಟಲಿನ ಗುಡುಗು, ಕೊಳೆತ ವಾಸನೆಯಂಥ ಗಿಟಾರ್ ನಾದ, ನಡುನಡುವೆ ಒಮ್ಮೆಲೇ ಏರುವ ವೇಗ ಡೆತ್‌ನವು. ಎರಡೂ ಕೂಡಿದ್ದಕ್ಕೆ ಡೆತ್-ಡೂಮ್ ಅನ್ನುತ್ತಾರೆ. ಡೂಮ್‌ನ ನೆರಳು ಬಿದ್ದ ಡೆತ್ ಮೆಟಲ್ ಅಂತ ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಬೇರು ಇರುವುದು ಡೆತ್‌ನಲ್ಲೇ.

ನೀವು ಮಾತುಮಾತಿಗೂ ಹೆಸರು ಹೇಳುವ ಆ ಹಳೆಯ ಬ್ಯಾಂಡ್ ಯಾವುದು?

ಆಟಾಪ್ಸಿ. ಕ್ಯಾಲಿಫೋರ್ನಿಯಾದವರು, 1987ರಲ್ಲಿ ಶುರು ಮಾಡಿದರು. ಕ್ರಿಸ್ ರೈಫರ್ಟ್ ಅನ್ನುವ ಡ್ರಮ್ಮರ್, ಎರಿಕ್ ಕಟ್ಲರ್ ಅನ್ನುವ ಗಿಟಾರಿಸ್ಟ್, ಇಬ್ಬರೂ ಕೂಡಿ ಕಟ್ಟಿದ ತಂಡ. ರೈಫರ್ಟ್ ಅದೇ ವರ್ಷ ಬಂದ ‘ಡೆತ್’ ಬ್ಯಾಂಡಿನ ಮೊದಲ ಆಲ್ಬಮ್‌ನಲ್ಲಿ ಡ್ರಮ್ಸ್ ನುಡಿಸಿದವರು. ಆ ಬ್ಯಾಂಡಿನ ಚಕ್ ಶುಲ್ಡಿನರ್ ಫ್ಲಾರಿಡಾಕ್ಕೆ ಮರಳಿದಾಗ ರೈಫರ್ಟ್ ಜೊತೆಗೆ ಹೋಗದೆ ಕ್ಯಾಲಿಫೋರ್ನಿಯಾದಲ್ಲೇ ಉಳಿದರು. ಆಮೇಲೆ ‘ಡೆತ್’ ಬ್ಯಾಂಡ್ ಆಲ್ಬಮ್‌ನಿಂದ ಆಲ್ಬಮ್‌ಗೆ ಬಿಗಿಯಾಗುತ್ತ, ತಾಂತ್ರಿಕವಾಗುತ್ತ ಹೋಯಿತು. ಆಟಾಪ್ಸಿ ತದ್ವಿರುದ್ಧ ದಿಕ್ಕಿಗೆ, ಕೆಸರಿಗೆ ಇಳಿಯಿತು.

1989ರ ‘ಸೆವರ್ಡ್ ಸರ್ವೈವಲ್’ ಅವರ ಮೊದಲ ಆಲ್ಬಮ್. ನನ್ನ ಮಟ್ಟಿಗೆ ಎಲ್ಲ ಪಾಠವೂ ಇರುವುದು 1991ರ ‘ಮೆಂಟಲ್ ಫ್ಯೂನರಲ್’ನಲ್ಲಿ. ನಲವತ್ತು ನಿಮಿಷವೂ ಇಲ್ಲದ ಆಲ್ಬಮ್ ಅದು. ಮೊದಲ ಸಲ ಕೇಳಿದಾಗ ಹಾಡುಗಳು ಕುಸಿದು ಬೀಳುತ್ತಿವೆ ಅನ್ನಿಸುತ್ತದೆ. ಒಂದು ರಿಫ್ ಓಡುತ್ತಿರುತ್ತದೆ, ಇದ್ದಕ್ಕಿದ್ದಂತೆ ನೆಲ ಜಾರಿದಂತೆ ವೇಗ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಆ ಇಳಿಯುವ ಕ್ಷಣವೇ ಅವರ ಕೊಡುಗೆ. ಬರೀ ನಿಧಾನ ನುಡಿಸಿದ್ದರೆ ಕಿವಿ ಅದಕ್ಕೆ ಒಗ್ಗಿಬಿಡುತ್ತಿತ್ತು. ವೇಗದ ಮಗ್ಗುಲಿಗೇ ಇಟ್ಟದ್ದರಿಂದ ಆ ನಿಧಾನಕ್ಕೆ ತೂಕ ಬಂತು. ಅಷ್ಟೆಲ್ಲ ನಡೆಯುವಾಗ ಹಾಡುತ್ತಿರುವುದೂ ಡ್ರಮ್ಸ್ ಹಿಂದೆ ಕೂತ ಮನುಷ್ಯನೇ. ಕೈ, ಕಾಲು, ಗಂಟಲು ಮೂರೂ ಒಬ್ಬನ ಮನಸ್ಸಿನ ಮಾತು ಕೇಳುವುದರಿಂದಲೇ ಆ ತಿರುವುಗಳು ಲೆಕ್ಕ ಹಾಕಿ ಮಾಡಿದಂತೆ ಕೇಳಿಸುವುದಿಲ್ಲ, ಉಸಿರಿನಂತೆ ಬರುತ್ತವೆ.

1995ರಲ್ಲಿ ನಿಂತರು, ವರ್ಷಗಳ ನಂತರ ಮತ್ತೆ ಕೂಡಿದರು, 2011ರಲ್ಲಿ ಹೊಸ ಆಲ್ಬಮ್ ತಂದರು. ಈಗಲೂ ತರುತ್ತಿದ್ದಾರೆ.

ಅವರಿಗಿಂತ ಮೊದಲು ಯಾರೂ ಹೀಗೆ ನುಡಿಸಿರಲಿಲ್ಲವೇ?

ನಿಧಾನದ ಅಜ್ಜ ಬ್ಲ್ಯಾಕ್ ಸಬ್ಬತ್. ಬರ್ಮಿಂಗ್‌ಹ್ಯಾಮ್‌ನವರು, ಮೊದಲ ಆಲ್ಬಮ್ 1970ರ ಫೆಬ್ರವರಿಯಲ್ಲಿ ಬಂತು. ಅವರ ಗಿಟಾರಿಸ್ಟ್ ಟೋನಿ ಅಯೋಮಿ 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡರು. ಅವರು ಎಡಚರು, ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, 1971ರ ಆಲ್ಬಮ್ ಹೊತ್ತಿಗೆ ತಂತಿಗಳ ಬಿಗಿಯನ್ನೂ ಇಳಿಸಿದರು. ಗಾಯಗೊಂಡ ಕೈಗೆ ಬೇಕಾಗಿದ್ದ ಸಡಿಲ ತಂತಿಯೇ ಇಡೀ ಒಂದು ಸಂಗೀತದ ದನಿಯಾಯಿತು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಸ್ವಿಟ್ಜರ್ಲೆಂಡಿನ ಹೆಲ್‌ಹ್ಯಾಮರ್ ಬಂತು, 1984ರಲ್ಲಿ ಅದೇ ಸೆಲ್ಟಿಕ್ ಫ್ರಾಸ್ಟ್ ಆಯಿತು. ಒರಟುತನವನ್ನು, ನಿಧಾನವನ್ನು ಒಟ್ಟಿಗೆ ಇಡಬಹುದು ಅಂತ ತೋರಿಸಿದವರು ಅವರು. 1990ರಲ್ಲಿ ನ್ಯೂಯಾರ್ಕಿನ ವಿಂಟರ್ ಎಲ್ಲರಿಗಿಂತ ನಿಧಾನವಾಗಿ ಒಂದು ಆಲ್ಬಮ್ ಮಾಡಿತು. 1991ರಲ್ಲಿ ನೆದರ್ಲೆಂಡ್ಸ್‌ನ ಆಸ್ಫಿಕ್ಸ್ ‘ದ ರ್‍ಯಾಕ್’ ತಂದಿತು. ಎಲ್ಲರೂ ಹೆಚ್ಚುಕಮ್ಮಿ ಒಂದೇ ಹೊತ್ತಿನವರು. ಆದರೂ ನಮ್ಮ ತಂಡದ ಗುರು ಯಾರು ಅಂದರೆ ನಾನು ಆಟಾಪ್ಸಿಯನ್ನೇ ತೋರಿಸುತ್ತೇನೆ.

ಪ್ಯಾರಡೈಸ್ ಲಾಸ್ಟ್, ಮೈ ಡೈಯಿಂಗ್ ಬ್ರೈಡ್ ಕೂಡ ಇದೇ ಅಲ್ಲವೇ?

ದಾಯಾದಿಗಳು. ಇಂಗ್ಲೆಂಡಿನ ಪೀಸ್‌ವಿಲ್ ಅನ್ನುವ ಕಂಪನಿಯೇ ಅವರನ್ನೂ, ಅನಾಥೆಮಾವನ್ನೂ, ಆಟಾಪ್ಸಿಯನ್ನೂ ಹೊರತಂದದ್ದು. ಆದರೆ ಆ ಇಂಗ್ಲಿಷ್ ತಂಡಗಳು ದುಃಖದ ಕಡೆ ಹೊರಳಿದವು. ವಯೊಲಿನ್ ಬಂತು, ಹೆಣ್ಣುದನಿ ಬಂತು, ಶೋಕಗೀತೆಯ ಚೆಲುವು ಬಂತು. ನನಗೆ ಅವೂ ಇಷ್ಟ. ಆಟಾಪ್ಸಿಯ ನಿಧಾನದಲ್ಲಿ ಮಾತ್ರ ಚೆಲುವಿಗೆ ಜಾಗವಿಲ್ಲ, ಅಲ್ಲಿರುವುದು ಭಯ. ಈ ದಾರಿಯಲ್ಲಿ ಬಂದ ಈಚಿನವರನ್ನು ಕೇಳಬೇಕೆಂದರೆ ಟೋಕಿಯೋದ ಕಾಫಿನ್ಸ್ ಕೇಳಿ.

ನಿಧಾನವಾಗಿ ನುಡಿಸುವುದು ಸುಲಭ ಅಲ್ಲವೇ?

ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಇದು, ಅದಕ್ಕೇ ಉತ್ತರವೂ ಉದ್ದ.

ವೇಗದಲ್ಲಿ ತಪ್ಪು ಮುಚ್ಚಿಹೋಗುತ್ತದೆ. ನಿಧಾನದಲ್ಲಿ ಮುಚ್ಚಲು ಏನೂ ಇರುವುದಿಲ್ಲ. ನಾಲ್ವರಲ್ಲಿ ಒಬ್ಬ ಕಣ್ಣು ಮಿಟುಕಿಸುವಷ್ಟು ಬೇಗ ಬಂದರೂ ಪೆಟ್ಟು ಎರಡಾಗಿ ಒಡೆಯುತ್ತದೆ. ಸಾಲದ್ದಕ್ಕೆ ಮನುಷ್ಯನ ಕೈಗೆ ಅವಸರ ಹುಟ್ಟುಗುಣ. 60ರಲ್ಲಿ ಶುರು ಮಾಡಿದ ಹಾಡು ಮೂರನೇ ನಿಮಿಷಕ್ಕೆ 66 ಆಗಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ, ಆದರೆ ಭಾರ ಸೋರಿಹೋಗಿರುತ್ತದೆ. ಮೊದಲ ಎಂಟು ತಿಂಗಳು ನಮ್ಮ ಪ್ರತಿ ರೆಕಾರ್ಡಿಂಗ್‌ನಲ್ಲೂ ಇದೇ ಆಯಿತು. ಹಾಡು ಚೆನ್ನಾಗಿದೆ, ಆದರೆ ಹೆದರಿಕೆ ಆಗುತ್ತಿಲ್ಲ, ಯಾಕೆ ಅಂತ ತಿಳಿಯುತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಸವಾಯಿಯಲ್ಲಿ. ಪುಣೆಯವರಿಗೆ ‘ಸವಾಯಿ’ ಅಂದರೆ ಸಾಕು, ಡಿಸೆಂಬರ್ ಅಂತ ಬೇರೆ ಹೇಳಬೇಕಿಲ್ಲ. ಕುಂದಗೋಳದ ಗಾಯಕ ಸವಾಯಿ ಗಂಧರ್ವರ ನೆನಪಿಗೆ, ಅವರ ಶಿಷ್ಯ, ನಮ್ಮ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಇಲ್ಲಿ ಶುರು ಮಾಡಿದ ಹಿಂದುಸ್ತಾನಿ ಸಂಗೀತದ ಉತ್ಸವ ಅದು. ಧಾರವಾಡದಿಂದ ಅಪ್ಪ ಅದಕ್ಕೆಂದೇ ಬರುತ್ತಾರೆ. ಒಂದು ವರ್ಷ ನಾನೂ ಅವರ ಜೊತೆ ಕೂತಿದ್ದೆ. ವಿಲಂಬಿತ ಏಕತಾಳ, ಹನ್ನೆರಡು ಮಾತ್ರೆ, ಒಂದೊಂದು ಮಾತ್ರೆಗೂ ನಾಲ್ಕು ಸೆಕೆಂಡಿಗಿಂತ ಹೆಚ್ಚು. ಒಂದು ಆವರ್ತನ ಮುಗಿಯಲು ಹತ್ತಿರಹತ್ತಿರ ಒಂದು ನಿಮಿಷ. ಗಾಯಕರು ಎಲ್ಲೋ ಸುತ್ತಾಡುತ್ತಿದ್ದಾರೆ, ತಾಳ ಕೈಬಿಟ್ಟಿತು ಅನ್ನುವಷ್ಟರಲ್ಲಿ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಬಂದು ಇಳಿದರು. ಸುತ್ತಲಿನ ಸಾವಿರಾರು ತಲೆ ಒಟ್ಟಿಗೆ ತೂಗಿದವು. ನಾನು ಅಪ್ಪನನ್ನು ಕೇಳಿದೆ, ಇಷ್ಟು ದೂರದ ಸಮ್ ಇವರಿಗೆಲ್ಲ ಹೇಗೆ ಗೊತ್ತಾಗುತ್ತದೆ ಅಂತ. ಅಪ್ಪ ಅಂದರು: “ತಬಲಾದಾಂವ ನಡುವ ಏನ್ ತುಂಬಾಕತ್ತಾನ ಅದನ್ನ ಕೇಳು. ಖಾಲಿ ಜಾಗಾ ಖಾಲಿ ಇರಂಗಿಲ್ಲೋ ತಮ್ಮಾ.”

ಮುಂದಿನ ಶನಿವಾರ ಅದನ್ನೇ ಮಾಡಿದೆವು. ಪೆಟ್ಟು ಸೆಕೆಂಡಿಗೊಂದೇ, ಆದರೆ ನಾಲ್ವರೂ ಮನಸ್ಸಿನಲ್ಲಿ ಆ ಒಂದು ಸೆಕೆಂಡನ್ನು ಮೂರಾಗಿ ಸೀಳಿ ಎಣಿಸುವುದು. ನುಡಿಸುವುದು ಒಂದು, ಎಣಿಸುವುದು ಮೂರು. ಬಾಸ್ ನುಡಿಸುವವನು ಪಾದದಲ್ಲಿ, ನಾನು ನಾಲಿಗೆಯಲ್ಲಿ, ಡ್ರಮ್ಮರ್ ಬಾಯಿ ಬಿಟ್ಟು “ಒಂದು ಎರಡು ಮೂರು” ಅಂತ. ಎರಡು ತಿಂಗಳಲ್ಲಿ ಭಾರ ಬಂತು. ಅಂದು ಕೇಳಿದ ಖ್ಯಾಲ್ ಗಾಯನಕ್ಕೂ ನಮ್ಮ ಗದ್ದಲಕ್ಕೂ ಬೇರೇನೂ ಸಂಬಂಧವಿಲ್ಲ. ಅಲ್ಲಿ ರಾಗ ಬೆಳೆಯುತ್ತದೆ, ಇಲ್ಲಿ ಒಂದೇ ರಿಫ್ ಮತ್ತೆ ಮತ್ತೆ ಬಂದು ಎದೆಗೆ ಗುದ್ದುತ್ತದೆ. ಕಾಯುವ ಕಸುಬು ಮಾತ್ರ ಒಂದೇ, ಅದನ್ನು ಕಲಿಯಲು ಪುಣೆಗಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ.

ಓಟದಿಂದ ತೆವಳಿಕೆಗೆ ಇಳಿಯುವಾಗ ಎಲ್ಲರೂ ಒಟ್ಟಿಗೆ ಇಳಿಯುವುದು ಹೇಗೆ?

ಉಸಿರಿನಿಂದ. ಇಳಿಯುವ ಮುನ್ನ ಡ್ರಮ್ಮರ್ ಸಿಂಬಲ್ ಹೊಡೆದು ತಕ್ಷಣ ಕೈಯಿಂದ ಹಿಡಿದು ನಿಲ್ಲಿಸುತ್ತಾನೆ. ಆ ನಿಶ್ಶಬ್ದದಲ್ಲಿ ನಾಲ್ವರೂ ಒಮ್ಮೆ ಉಸಿರು ಎಳೆದುಕೊಳ್ಳುತ್ತೇವೆ. ಉಸಿರು ಬಿಡುವಾಗ ಮೊದಲ ಪೆಟ್ಟು. ಮೆಟ್ರೊನೋಮ್ ಕಿವಿಗೆ ಹಾಕಿಕೊಂಡೂ ನೋಡಿದೆವು. ಸರಿಯಾಗಿಯೇ ಬಂತು, ಆದರೆ ಸತ್ತಂತೆ ಬಂತು.

ಯಾವ ಟ್ಯೂನಿಂಗ್? ಯಾವ ತಂತಿ?

ಆರನೇ ತಂತಿ ಸಾಮಾನ್ಯ ಗಿಟಾರ್‌ನಲ್ಲಿ ‘ಇ’ ಸ್ವರ, 82.4 ಹರ್ಟ್ಸ್. ನಾವು ‘ಬಿ’ ಸ್ವರಕ್ಕೆ ಇಳಿಸುತ್ತೇವೆ, 61.7 ಹರ್ಟ್ಸ್. ಅಂಗಡಿಯಲ್ಲಿ ಸಿಗುವ 10-46ರ (ತಂತಿಯ ದಪ್ಪ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕ) ಸೆಟ್ಟನ್ನೇ ಇಟ್ಟುಕೊಂಡು ಇಳಿಸಿದರೆ ತಂತಿ ಒಗೆದ ಬಟ್ಟೆ ಹಗ್ಗದಂತೆ ಜೋಲುತ್ತದೆ, ಜೋರಾಗಿ ಮೀಟಿದ ಕೂಡಲೇ ಸ್ವರ ಮೇಲಕ್ಕೆ ಹಾರಿ ಆಮೇಲೆ ಕೆಳಗಿಳಿಯುತ್ತದೆ. ನಿಧಾನದ ಸಂಗೀತದಲ್ಲಿ ಅದು ತುಂಬ ಕೆಟ್ಟದಾಗಿ ಕೇಳಿಸುತ್ತದೆ. 12-60 ಅಥವಾ 13-62 ಹಾಕಿ. ದಪ್ಪ ತಂತಿ ತಲೆಯ ಕಡೆಯ ನಟ್‌ನ ಸೀಳಿನಲ್ಲಿ ಕೂರುವುದಿಲ್ಲ, ಅರದಿಂದ ಉಜ್ಜಿ ಅಗಲ ಮಾಡಬೇಕು. ಮೊದಲ ಸಲ ನೀವೇ ಕೈ ಹಾಕಬೇಡಿ, ಗಿಟಾರ್ ರಿಪೇರಿ ಬಲ್ಲವರಿಗೆ ಕೊಡಿ. ತಂತಿಯ ದಪ್ಪ ಬದಲಾದರೆ ಬ್ರಿಜ್‌ನಲ್ಲಿ ಇಂಟೋನೇಶನ್ ಕೂಡ ಹೊಸದಾಗಿ ಹೊಂದಿಸಬೇಕು, ಇಲ್ಲದಿದ್ದರೆ ಹನ್ನೆರಡನೇ ಫ್ರೆಟ್ ಹತ್ತಿರ ಎಲ್ಲವೂ ಬೇಸುರ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯ ಮಳೆ ತಂತಿಗೆ ತುಕ್ಕು ಹಿಡಿಸುತ್ತದೆ. ನುಡಿಸಿ ಆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕೇಸ್‌ನೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಗಿಟಾರ್‌ನ ದನಿ ಬದಲಿಸುವ ಪೆಡಲ್ ಯಾವುದು?

ಬಾಸ್ ಕಂಪನಿಯ ಎಚ್‌ಎಂ-2 ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸ್ವೀಡನ್ನಿನ ಡೆತ್ ಮೆಟಲ್‌ನ ದನಿ, ಗರಗಸದಂತೆ ಕೊಯ್ಯುತ್ತದೆ. ನಮಗೆ ಬೇಕಾದದ್ದು ಕೊಯ್ಯುವ ದನಿ ಅಲ್ಲ, ಹೂತುಹಾಕುವ ದನಿ. ನಾನು ರ್‍ಯಾಟ್ ಡಿಸ್ಟಾರ್ಷನ್ ಬಳಸುತ್ತೇನೆ, ಗೇನ್ (ದನಿ ಎಷ್ಟು ಒಡೆಯಬೇಕು ಅನ್ನುವ ಗುಬ್ಬಿ) ಅರ್ಧಕ್ಕಿಂತ ಕೆಳಗೆ. ಗೇನ್ ಹೆಚ್ಚಿದಷ್ಟೂ ಪೆಟ್ಟಿನ ಅಂಚು ಮೊಂಡಾಗುತ್ತದೆ.

ಗಂಟಲು ಹಾಳಾಗುವುದಿಲ್ಲವೇ?

ತಪ್ಪಾಗಿ ಮಾಡಿದರೆ ಖಂಡಿತ ಹಾಳಾಗುತ್ತದೆ. ನಾನು ಮೊದಲ ವರ್ಷ ಗಂಟಲನ್ನು ಬಿಗಿಹಿಡಿದು ಕಿರುಚುತ್ತಿದ್ದೆ. ಒಂದು ಕಾರ್ಯಕ್ರಮ ಆದ ಮೇಲೆ ಹತ್ತು ದಿನ ಮಾತೇ ಹೊರಡಲಿಲ್ಲ. ವೈದ್ಯರು ತೋರಿಸಿ ವಿವರಿಸಿದ ಮೇಲೆ ಅರ್ಥವಾಯಿತು. ಸ್ವರತಂತುಗಳ ಮೇಲ್ಗಡೆ ಇನ್ನೊಂದು ಜೋಡಿ ಮಡಿಕೆಗಳಿವೆ, ಸುಳ್ಳು ಸ್ವರತಂತು ಅನ್ನುತ್ತಾರೆ. ಗುಡುಗು ಅವುಗಳ ಕಂಪನದಿಂದ ಬರಬೇಕು. ಹೊಟ್ಟೆಯಿಂದ ಗಾಳಿ ಬರಬೇಕು, ಗಂಟಲು ಸಡಿಲ ಇರಬೇಕು. ಸರಿಯಾದ ಗ್ರೋಲ್ (ಈ ಗುಡುಗು ದನಿಗೆ ಹಾಗನ್ನುತ್ತಾರೆ) ಹತ್ತಿರದಿಂದ ಕೇಳಿದರೆ ಆಶ್ಚರ್ಯವಾಗುವಷ್ಟು ಮೆಲ್ಲಗಿರುತ್ತದೆ, ದೊಡ್ಡದು ಮಾಡುವುದು ಮೈಕ್. ನೋವಾದರೆ ಅಲ್ಲಿಗೇ ನಿಲ್ಲಿಸಿ. ನೋವು ತಡೆದುಕೊಂಡು ಅಭ್ಯಾಸ ಮಾಡಬೇಕು ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ.

ಇದನ್ನು ಕನ್ನಡದಲ್ಲಿ ಹಾಡಬಹುದೇ?

ನಾವು ಹಾಡುವುದೇ ಕನ್ನಡದಲ್ಲಿ. ಶುರುವಿನಲ್ಲಿ ಇಂಗ್ಲಿಷಿನಲ್ಲಿ ಬರೆದೆವು, ಬಾಯಿಗೆ ಹತ್ತಲಿಲ್ಲ. ಕನ್ನಡಕ್ಕೆ ತಿರುಗಿದ ಮೇಲೆ ಎರಡು ಸಂಗತಿ ಕಂಡವು.

ಒಂದು ಒತ್ತಕ್ಷರ. ಮಣ್ಣು, ಕಲ್ಲು, ಬೆಟ್ಟ, ಕತ್ತಲು, ನೆತ್ತರು: ನಮ್ಮ ಭಾರದ ಮಾತುಗಳಲ್ಲೆಲ್ಲ ನಡುವೆ ಒಂದು ತಡೆ ಇದೆ. ನಾಲಿಗೆ ಅಲ್ಲಿ ಒಂದು ಕ್ಷಣ ನಿಂತು ಒತ್ತಿ ಬಿಡುತ್ತದೆ. ಅಂಗೈ ಅಂಚಿನಿಂದ ತಂತಿ ಅದುಮಿ ಮೀಟುವ ಪೆಟ್ಟೂ ಹಾಗೆಯೇ. ಎರಡನ್ನೂ ಒಂದೇ ಕ್ಷಣಕ್ಕೆ ಕೂಡಿಸಿದರೆ ಮಾತು ಮತ್ತು ರಿಫ್ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇನ್ನು ಮಾತಿನ ಕೊನೆಯ ‘ಉ’ ಗ್ರೋಲ್‌ಗೆ ವರ. ತುಟಿ ಗುಂಡಗಾಗಿ ದನಿ ತಾನಾಗಿ ಕೆಳಗಿಳಿಯುತ್ತದೆ. ‘ಇ’ ಮಾತ್ರ ತೆಳ್ಳಗಾಗಿ ಚೀರುತ್ತದೆ, ಉದ್ದ ಎಳೆಯುವ ಜಾಗದಲ್ಲಿ ನಾವು ಅದನ್ನು ಇಡುವುದಿಲ್ಲ.

ಎರಡನೆಯದು ಛಂದಸ್ಸು. ನಮ್ಮ ಒಂದು ರಿಫ್ ಏಳು ಪೆಟ್ಟಿನದು, ಮೂರು ಮತ್ತು ನಾಲ್ಕು. ಅದಕ್ಕೆ ಮಾತು ಕೂರಿಸಲಾಗದೆ ವಾರಗಟ್ಟಲೆ ಒದ್ದಾಡಿದೆವು. ಬಾಸ್ ನುಡಿಸುವ ಗೆಳೆಯನ ಕಾಕಾ ಊರಲ್ಲಿ ಗಮಕ ಓದುತ್ತಿದ್ದವರು. ಅವನೇ ಒಂದು ರಾತ್ರಿ, “ಇದು ಭಾಮಿನಿ ಅಲ್ಲೇನೋ?” ಅಂದ. ಹೌದು! ಭಾಮಿನಿ ಷಟ್ಪದಿಯ ನಡೆ ಮೂರು-ನಾಲ್ಕು, ಮೂರು-ನಾಲ್ಕು. ಕುಮಾರವ್ಯಾಸನನ್ನು ಓದಿದ ಕಿವಿಗೆ ಏಳರ ತಾಳ ಹೊಸತೇ ಅಲ್ಲ. ಹೀಗೆ ಬರೆದೆವು:

ಹುಗಿದ ಕತ್ತಲೆ ಮೆಲ್ಲ ಮೇಲಕೆ
ಬೇರಿನಂದದಿ ತೆವಳಿ ಬರುತಿದೆ

ಮಾತ್ರೆ ಎಣಿಸಿ ನೋಡಿ, ಹದಿನಾಲ್ಕಕ್ಕೆ ಹದಿನಾಲ್ಕು. ಒಂದು ಸಾಲಿಗೆ ರಿಫ್ ಸರಿಯಾಗಿ ಎರಡು ಸುತ್ತು ಬರುತ್ತದೆ.

ನಮ್ಮ ಮಗ ಇಂಥ ಹಾಡು ಕೇಳುತ್ತಾನೆ. ಬರೀ ಸಾವು, ಹೆಣ. ಚಿಂತೆ ಮಾಡಬೇಕೇ?

ಈ ಪ್ರಶ್ನೆ ಕೇಳುವ ತಂದೆತಾಯಿಯರ ಆತಂಕ ನನಗೆ ಅರ್ಥವಾಗುತ್ತದೆ. ನಿಜ ಹೇಳುತ್ತೇನೆ: ಆಟಾಪ್ಸಿಯ ಸಾಹಿತ್ಯ ಹೇಸಿಗೆ ಹುಟ್ಟಿಸುವಷ್ಟು ರಕ್ತಮಯ, ಅದರಲ್ಲಿ ಬಹುಪಾಲು ನನಗೂ ಬೇಡ. ನಾನು ಅವರಿಂದ ತೆಗೆದುಕೊಂಡದ್ದು ಸಂಗೀತವನ್ನು.

ಅವ್ವನೂ ನನ್ನನ್ನು ಇದನ್ನೇ ಕೇಳಿದ್ದಳು. ಅವಳಿಗೆ ನಾನು ಅಜ್ಜ ತೀರಿಕೊಂಡ ದಿನ ನೆನಪಿಸಿದೆ. ಆಗ ನನಗೆ ಒಂಬತ್ತು ವರ್ಷ. ಹೆಣ ಹೊರುವ ವಿಮಾನದಲ್ಲಿ, ಅಂದರೆ ಸಿಂಗರಿಸಿದ ಚಟ್ಟದಲ್ಲಿ, ಅಜ್ಜನನ್ನು ಕೂರಿಸಿ ಒಯ್ಯುವಾಗ ಹಲಗಿಯ ಪೆಟ್ಟು ನಿಂತು ನಿಂತು ಬರುತ್ತಿತ್ತು, ಜನ ಆ ಪೆಟ್ಟಿಗೆ ಹೆಜ್ಜೆ ಇಡುತ್ತಿದ್ದರು. ಯಾರೂ ನನಗೆ ಏನನ್ನೂ ವಿವರಿಸಲಿಲ್ಲ. ಆ ಹಲಗಿಯೊಂದೇ ಅವತ್ತು ನನಗೆ ಅರ್ಥವಾಗುವಂತೆ ಮಾತಾಡಿದ್ದು. ನಾನು ಈಗ ನುಡಿಸುತ್ತಿರುವುದೂ ಬಹುಶಃ ಅದನ್ನೇ, ಅಂದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು, “ಹಂಗಾರ ಸಾವಕಾಶ ಬಾರಸ್ರಿ, ಓಡಬ್ಯಾಡ್ರಿ.”

ಮಗ ಊಟ ಬಿಟ್ಟಿದ್ದರೆ, ನಿದ್ದೆ ಕೆಟ್ಟಿದ್ದರೆ, ಯಾರ ಜೊತೆಗೂ ಮಾತಾಡದಿದ್ದರೆ ಚಿಂತೆ ಮಾಡಿ, ಅವನ ಹತ್ತಿರ ಕೂತು ಕೇಳಿ. ಅವನು ಯಾವ ಸಂಗೀತ ಕೇಳಿದರೂ ಆ ಚಿಂತೆ ಬೇಕಾದದ್ದೇ. ಇಲ್ಲದಿದ್ದರೆ ಒಂದು ಹಾಡು ಅವನ ಜೊತೆಗೇ ಕೂತು ಕೇಳಿ, ಇದರಲ್ಲಿ ಏನು ಹಿಡಿಸಿತು ಅಂತ ಕೇಳಿ. ಹೇಳುತ್ತಾನೆ.

ಪ್ರಾಕ್ಟೀಸ್ ಎಲ್ಲಿ? ಅಕ್ಕಪಕ್ಕದವರು ಬಿಡುತ್ತಾರೆಯೇ?

ಮೊದಲು ಬಾಡಿಗೆ ಫ್ಲ್ಯಾಟಿನಲ್ಲಿ ನುಡಿಸುತ್ತಿದ್ದೆವು. ಗೋಡೆಗೆ ಹಾಸಿಗೆ ಆನಿಸಿದೆವು, ಮೊಟ್ಟೆಯ ಟ್ರೇ ಅಂಟಿಸಿದೆವು. ಎರಡೂ ಉಪಯೋಗವಿಲ್ಲ. ಅವು ಕೋಣೆಯೊಳಗಿನ ಕೀರಲು ಪ್ರತಿಧ್ವನಿಯನ್ನು ಒಂದಿಷ್ಟು ಹೀರುತ್ತವೆ, ಅಷ್ಟೇ. ಬಾಸ್ ಗಿಟಾರ್‌ನ ಬಿ 31 ಹರ್ಟ್ಸ್‌ಗೂ ಕೆಳಗೆ, ಅದರ ಅಲೆಯ ಉದ್ದ ಸುಮಾರು 11 ಮೀಟರ್. ಅದನ್ನು ಹಾಸಿಗೆ ತಡೆಯುವುದಿಲ್ಲ. ಗೋಡೆಯೇ ಅದರ ಜೊತೆ ಅಲುಗುತ್ತದೆ, ಕೆಳಮನೆಯವರ ಅಡುಗೆಮನೆಯಲ್ಲಿ ಪಾತ್ರೆ ಗಿಲಿಗಿಲಿ ಅನ್ನುತ್ತದೆ. ಅವರು ಮೇಲೆ ಬಂದು ದೂರಿದ್ದು ನ್ಯಾಯವಾಗಿಯೇ ಇತ್ತು. ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಒಂದು ಡ್ರಮ್ ಸೆಟ್ ಇದಕ್ಕೆ ಒಗ್ಗುವುದು ಸಾಧ್ಯವೇ ಇಲ್ಲ.

ಈಗ ಧಾಯರಿ ಕಡೆ ಒಂದು ಗೋದಾಮಿನ ಮೂಲೆ ಬಾಡಿಗೆಗೆ ಹಿಡಿದಿದ್ದೇವೆ. ಸುತ್ತ ವರ್ಕ್‌ಶಾಪುಗಳು, ಸಂಜೆ ಏಳಕ್ಕೆ ಶಟರ್ ಎಳೆಯುತ್ತಾರೆ. ಏಳರಿಂದ ಹತ್ತು ನಮ್ಮದು.

ಭಾರತದಲ್ಲಿ ಬೇರೆ ಯಾರು ಹೀಗೆ ನುಡಿಸುತ್ತಾರೆ?

ಮುಂಬೈಯ ಡಾರ್ಮಂಟ್ ಇನ್‌ಫರ್ನೋ ಇದೇ ಮನೆತನದ್ದು. ಬೆಂಗಳೂರಿನ ಜಿನ್ ಆ್ಯಂಡ್ ಮಿಸ್ಕಟಾನಿಕ್ 2013ರಲ್ಲಿ ತಂದ ಆಲ್ಬಮ್ ಹುಡುಕಿ ಕೇಳಿ. ಬೆಂಗಳೂರಿನದೇ ಬೇವರ್ ಸೀ ಡೂಮ್ ನುಡಿಸುವ ತಂಡ, ಡೆತ್ ಅಲ್ಲ. ಹೆಸರು ಗಟ್ಟಿಯಾಗಿ ಓದಿದರೆ ಕನ್ನಡಿಗರಿಗೆ ತಾನೇ ತಿಳಿಯುತ್ತದೆ. ಮುಂಬೈಯಲ್ಲೇ ಟ್ರಾನ್ಸೆಂಡಿಂಗ್ ಅಬ್‌ಸ್ಕ್ಯುರಿಟಿ ಅನ್ನುವ ರೆಕಾರ್ಡ್ ಕಂಪನಿ ಇದೆ. ರಾಟರ್‌ಡ್ಯಾಮ್‌ನ ಹಳೆಯ ಡೆತ್-ಡೂಮ್ ತಂಡ ಆಫಿಷಿಯಂ ಟ್ರಿಸ್ಟೆಯ 2019ರ ಆಲ್ಬಮ್ ಹೊರಬಂದದ್ದು ಅಲ್ಲಿಂದ. ಯುರೋಪಿನ ತಂಡವೊಂದು ಮುಂಬೈಯ ವಿಳಾಸ ಹೊತ್ತು ಲೋಕ ಸುತ್ತುವುದು ನನಗೆ ಹೆಮ್ಮೆಯ ವಿಷಯ.

ಎಲ್ಲಿಂದ ಕೇಳಲು ಶುರು ಮಾಡಲಿ?

‘ಮೆಂಟಲ್ ಫ್ಯೂನರಲ್’ನಿಂದ. ಮೊಬೈಲ್ ಸ್ಪೀಕರ್‌ನಲ್ಲಿ ಬೇಡ, ಅದರಿಂದ ಕೆಳಗಿನ ಸ್ವರಗಳು ಹೊರಡುವುದೇ ಇಲ್ಲ, ನಿಮಗೆ ಬರೀ ಜೇನುನೊಣದ ಸದ್ದು ಕೇಳಿಸುತ್ತದೆ. ಹೆಡ್‌ಫೋನ್ ಹಾಕಿ, ಪೂರ್ತಿ ಒಂದೇ ಸಲ. ಮೊದಲ ಸಲ ಹಿಡಿಸದಿದ್ದರೆ ಒಂದು ವಾರ ಬಿಟ್ಟು ರಾತ್ರಿ ಇನ್ನೊಮ್ಮೆ. ಆಮೇಲೂ ಹಿಡಿಸದಿದ್ದರೆ ಬಿಡಿ. ಹಿಡಿಸಿದರೆ ಸೆಲ್ಟಿಕ್ ಫ್ರಾಸ್ಟ್‌ಗೆ ಹಿಂದಕ್ಕೆ, ವಿಂಟರ್‌ಗೆ ಪಕ್ಕಕ್ಕೆ, ಕಾಫಿನ್ಸ್‌ಗೆ ಮುಂದಕ್ಕೆ ಹೋಗಿ.

ಪ್ರಾಕ್ಟೀಸ್ ನೋಡಲು ಬರಬಹುದೇ?

ಬನ್ನಿ, ಶನಿವಾರ ಏಳಕ್ಕೆ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲೇಬೇಕು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸ್ಪಂಜಿನವೂ ನಡೆಯುತ್ತವೆ, ತರದಿದ್ದರೆ ನಮ್ಮ ಹತ್ತಿರ ಹೆಚ್ಚಿನ ಜೋಡಿ ಇವೆ. ಮಳೆಗಾಲದಲ್ಲಿ ಗೋದಾಮಿನ ಮುಂದೆ ನೀರು ನಿಲ್ಲುತ್ತದೆ, ಚಪ್ಪಲಿ ಹಾಕಿಕೊಂಡು ಬನ್ನಿ. ಬಾಗಿಲ ಹತ್ತಿರ ಕೂರಿ, ಮೂಲೆಯಲ್ಲಿ ಬೇಡ. ಆ ಮೂಲೆಯಲ್ಲಿ ಬಾಸ್ ಗುಂಯ್ ಅಂತ ಕಟ್ಟಿಕೊಳ್ಳುತ್ತದೆ, ಬೇರೇನೂ ಕೇಳಿಸುವುದಿಲ್ಲ. ಎಂಟೂವರೆಗೆ ಚಹಾ ಕುಡಿಯಲು ನಿಲ್ಲಿಸುತ್ತೇವೆ. ಇಲ್ಲಿಲ್ಲದ ಪ್ರಶ್ನೆ ಇದ್ದರೆ ಆಗ ಕೇಳಿ.